ಊರು ಕಟ್ಟಿದ ಶಾಲೆ

ಬರ್ಲಿನ್‌ನಲ್ಲಿ ಓದುತ್ತಿದ್ದ ಮಗ ಊರಿಗೆ ಬಂದು ಶಾಲೆ ಕಟ್ಟೋಣ ಎಂದಾಗ ಗಾಂಡೊ ಹಳ್ಳಿಗೆ ಹಳ್ಳಿಯೇ ಖುಷಿಪಟ್ಟಿತು. ಮಣ್ಣಿನಲ್ಲಿ ಕಟ್ಟೋಣ ಎಂದಾಗ ಆ ಖುಷಿ ಇಳಿದುಹೋಯಿತು. ಮಣ್ಣಿನ ಗೋಡೆಯ ಹಣೆಬರಹ ಆ ಜನಕ್ಕೆ ಚೆನ್ನಾಗಿ ಗೊತ್ತಿತ್ತು. ಮಳೆ ಹೊಡೆದರೆ ಕರಗುತ್ತದೆ, ಮಳೆಗಾಲ ಮುಗಿದ ಮೇಲೆ ಮತ್ತೆ ಮೆತ್ತಬೇಕು. ಜರ್ಮನಿಗೆ ಹೋದವನು ಗಾಜು, ಕಾಂಕ್ರೀಟು ತಂದಾನು ಎಂದು ಕಾದು ಕೂತವರಿಗೆ ಅವರ ಕಾಲಡಿಯ ಮಣ್ಣನ್ನೇ ತೋರಿಸಿದರೆ ಬೇಸರವಾಗದೆ ಇದ್ದೀತೆ?

ಆ ಮಗ ಡಿಯೆಬೆಡೊ ಫ್ರಾನ್ಸಿಸ್ ಕೆರೆ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಗಾಂಡೊದಲ್ಲಿ, ಊರ ಮುಖ್ಯಸ್ಥನ ಹಿರಿಮಗನಾಗಿ 1965ರಲ್ಲಿ ಹುಟ್ಟಿದವರು. ಊರಲ್ಲಿ ಶಾಲೆ ಇರಲಿಲ್ಲ. ಏಳನೇ ವಯಸ್ಸಿಗೇ ಮನೆ ಬಿಟ್ಟು ಟೆಂಕೊಡೊಗೊ ಪಟ್ಟಣದ ಶಾಲೆ ಸೇರಿದರು. ನೂರಕ್ಕೂ ಹೆಚ್ಚು ಮಕ್ಕಳನ್ನು ತುಂಬಿದ, ಬೆಳಕಿಲ್ಲದ, ಒಲೆಯ ಹಾಗೆ ಕಾಯುತ್ತಿದ್ದ ಕೋಣೆ ಅದು. ಮುಂದೆ ಬಡಗಿ ಕೆಲಸ ಕಲಿಯಲೆಂದು 1985ರಲ್ಲಿ ವಿದ್ಯಾರ್ಥಿವೇತನದ ಮೇಲೆ ಬರ್ಲಿನ್‌ಗೆ ಹೋದರು. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಓದುತ್ತಿರುವಾಗಲೇ, 1998ರಲ್ಲಿ, ಗಾಂಡೊದ ಶಾಲೆಗಾಗಿ ಗೆಳೆಯರನ್ನು ಕೂಡಿಸಿ ಒಂದು ಸಂಘ ಕಟ್ಟಿದರು. ಸುಮಾರು 50 ಸಾವಿರ ಡಾಲರ್ ಕೂಡಿಬಂತು. 2001ರಲ್ಲಿ ಶಾಲೆ ಎದ್ದು ನಿಂತಿತು. ಅವರ ಕೈಗೆ ಪದವಿ ಬಂದದ್ದು 2004ರಲ್ಲಿ. ಅದೇ ವರ್ಷ ಆ ಶಾಲೆಗೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯೂ ಬಂತು. 2022ರಲ್ಲಿ ಫ್ರಾನ್ಸಿಸ್ ಅವರಿಗೆ ವಾಸ್ತುಶಿಲ್ಪದ ಅತ್ಯುನ್ನತ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಸಂದಿತು. ಆಫ್ರಿಕಾ ಮೂಲದ ವಾಸ್ತುಶಿಲ್ಪಿಯೊಬ್ಬರಿಗೆ ಅದು ಸಂದದ್ದು ಅದೇ ಮೊದಲು.

ಪ್ರಶಸ್ತಿಗಳ ಮಾತು ಇಲ್ಲಿಗೆ ಸಾಕು. ಮೂರು ತರಗತಿಗಳ ಒಂದು ಹಳ್ಳಿ ಶಾಲೆ ಜಗತ್ತಿನ ಕಣ್ಣಿಗೆ ಬಿದ್ದದ್ದು ಏಕೆ ಎಂಬುದನ್ನು ನೋಡಬೇಕಾದರೆ ಅದರ ಸೂರಿನಿಂದ ಶುರು ಮಾಡಬೇಕು.

ತಗಡನ್ನು ಮೇಲೆತ್ತಿದ ಬುದ್ಧಿ

ಬುರ್ಕಿನಾ ಫಾಸೊದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಅಲ್ಲಿಯ ಸರ್ಕಾರಿ ಕಟ್ಟಡಗಳ ರೂಢಿ ನಮಗೂ ಪರಿಚಿತವಾದದ್ದೇ: ಸಿಮೆಂಟಿನ ಗೋಡೆ, ಮೇಲೆ ತಗಡು. ತಗಡು ಕಾದರೆ ಆ ಕಾವು ನೇರವಾಗಿ ಮಕ್ಕಳ ತಲೆಯ ಮೇಲೆ ಇಳಿಯುತ್ತದೆ. ತಗಡನ್ನು ಬಿಡೋಣವೆಂದರೆ ಮಳೆಗೆ ಅದೇ ಗಟ್ಟಿ ರಕ್ಷೆ, ಅದೇ ಅಗ್ಗ.

ಫ್ರಾನ್ಸಿಸ್ ತಗಡನ್ನು ಬಿಡಲಿಲ್ಲ, ಮೇಲಕ್ಕೆತ್ತಿದರು. ತರಗತಿಯ ಮೇಲೆ ಮೊದಲು ಮಣ್ಣಿನ ಇಟ್ಟಿಗೆಯದೇ ಒಂದು ಒಳಚಾವಣಿ, ಅದರಲ್ಲಿ ಗಾಳಿಯಾಡಲು ಕಿಂಡಿಗಳು. ಅದರ ಮೇಲೆ ಕಬ್ಬಿಣದ ಸರಳುಗಳ ಚೌಕಟ್ಟು, ಚೌಕಟ್ಟಿನ ಮೇಲೆ ಗೋಡೆಯಿಂದಾಚೆಗೂ ಅಗಲವಾಗಿ ಚಾಚಿಕೊಂಡ ತಗಡು. ಎರಡು ಚಾವಣಿಗಳ ನಡುವೆ ಬಯಲು. ಒಳಗಿನ ಬಿಸಿಗಾಳಿ ಮೇಲೇರಿ ಕಿಂಡಿಗಳಿಂದ ಹೊರಬೀಳುತ್ತದೆ, ನಡುವೆ ಬೀಸುವ ಗಾಳಿ ಅದನ್ನು ಹೊತ್ತೊಯ್ಯುತ್ತದೆ, ಕೆಳಗಿನ ಕಿಟಕಿಗಳಿಂದ ಹೊಸ ಗಾಳಿ ಒಳಗೆ ಬರುತ್ತದೆ. ಫ್ಯಾನ್ ಬೇಡ, ಕರೆಂಟ್ ಬೇಡ. ಚಾಚಿದ ತಗಡು ಗೋಡೆಗೆ ಬೀಳುವ ಮಳೆಯನ್ನೂ ತಡೆಯುತ್ತದೆ, ಬಿಸಿಲನ್ನೂ ತಡೆಯುತ್ತದೆ. ಮಣ್ಣಿನ ಗೋಡೆ ಕರಗುತ್ತದೆ ಎಂದು ಊರವರು ಎತ್ತಿದ ತಕರಾರಿಗೆ ಉತ್ತರ ಸೂರಿನಲ್ಲೇ ಸಿಕ್ಕಿತು. ಮೂರು ತರಗತಿಗಳನ್ನು ಒಂದೇ ಸಾಲಿನಲ್ಲಿಟ್ಟು ನಡುನಡುವೆ ನೆರಳಿನ ಬಯಲು ಬಿಟ್ಟದ್ದರಿಂದ ಮಕ್ಕಳಿಗೆ ಹೊರಗೂ ಕೂತು ಓದಲು ಜಾಗವಾಯಿತು.

ಚೌಕಟ್ಟಿಗೆ ಸರಳುಗಳನ್ನೇ ಏಕೆ ಬಳಸಿದರು? ದೊಡ್ಡ ಉಕ್ಕಿನ ತೊಲೆಗಳನ್ನು ಆ ದಾರಿಯಲ್ಲಿ ತರುವುದು ದುಬಾರಿ, ತಂದರೂ ಎತ್ತಿ ಕೂರಿಸಲು ಕ್ರೇನ್ ಇಲ್ಲ. ಕಾಂಕ್ರೀಟಿಗೆ ಹಾಕುವ ಸಾಮಾನ್ಯ ಸರಳಾದರೆ ಎಲ್ಲಿ ಬೇಕಾದರೂ ಸಿಗುತ್ತದೆ, ಕೈಗರಗಸದಿಂದ ಕೊಯ್ದು, ಚಿಕ್ಕದೊಂದು ವೆಲ್ಡಿಂಗ್ ಯಂತ್ರದಿಂದ ಬೆಸೆಯಬಹುದು. ಹಳ್ಳಿಯ ಹುಡುಗರಿಗೆ ಅದನ್ನು ಕಲಿಸಿದರು. ಅವರೇ ಮಾಡಿದರು, ಅವರೇ ಏರಿ ಜೋಡಿಸಿದರು.

ಹೊಸತನವೆಂದರೆ ಗಗನಚುಂಬಿ, ಸೆನ್ಸರ್, ಗಾಜಿನ ಹೊದಿಕೆ ಎಂದುಕೊಂಡವರಿಗೆ ಇದು ಸಪ್ಪೆ ಎನ್ನಿಸಬಹುದು. ಆದರೆ ಇಲ್ಲಿ ಪ್ರತಿಯೊಂದು ತೀರ್ಮಾನದ ಹಿಂದೆಯೂ ಒಂದೇ ಪ್ರಶ್ನೆ ಕೆಲಸ ಮಾಡಿದೆ: ಇದನ್ನು ಈ ಊರಿನವರು ಮಾಡಬಲ್ಲರೇ, ಕೆಟ್ಟರೆ ಸರಿಪಡಿಸಬಲ್ಲರೇ?

ನಕ್ಷೆ ಓದಲು ಬಾರದ ಊರು

ಗಾಂಡೊದಲ್ಲಿ ಓದುಬರಹ ಬಲ್ಲವರು ತೀರಾ ಕಡಿಮೆ ಇದ್ದರು. ಅಂಥ ಕಡೆ ಹಾಳೆಯ ಮೇಲಿನ ಗೆರೆಗಳಿಂದ ಯಾರನ್ನು ಒಪ್ಪಿಸುವುದು? ಕಟ್ಟಿಯೇ ತೋರಿಸಬೇಕಾಯಿತು. ಮಣ್ಣಿನ ಇಟ್ಟಿಗೆಯ ಕಮಾನೊಂದನ್ನು ಕಟ್ಟಿ, ಅದರ ಮೇಲೇರಿ ಕುಣಿದು ಗಟ್ಟಿತನ ಸಾಬೀತು ಮಾಡಿದ ಕತೆಯನ್ನು ಫ್ರಾನ್ಸಿಸ್ 2013ರ ಟೆಡ್ ಭಾಷಣದಲ್ಲಿ ಹೇಳಿದ್ದಾರೆ. ಇಟ್ಟಿಗೆಯೂ ಹಳೆಯ ಹಸಿ ಇಟ್ಟಿಗೆಯಾಗಿರಲಿಲ್ಲ. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಒಣಗಿಸಿದ್ದು.

ಊರವರು ಒಪ್ಪಿದ ಮೇಲೆ ಕೆಲಸ ಊರಿನದಾಯಿತು. ಮಕ್ಕಳು ಪಾಯಕ್ಕೆ ಕಲ್ಲು ಹೊತ್ತು ತಂದರು. ಹೆಂಗಸರು ನೀರು ಹೊತ್ತರು. ನೆಲ ಮಾಡಿದ ಬಗೆಯಂತೂ ನಮ್ಮ ಕಣದ ನೆಲ ಬಲ್ಲವರಿಗೆ ಅರ್ಥವಾಗುವಂಥದ್ದು. ಗಂಡಸರು ಸಾಲಾಗಿ ನಿಂತು ಗಂಟೆಗಟ್ಟಲೆ ಮಣ್ಣು ಬಡಿದರು, ಅವರ ತಾಯಂದಿರು ಬಗ್ಗಿ ನೀರು ಚಿಮುಕಿಸುತ್ತ ಮತ್ತೆ ಬಡಿದರು, ಕೊನೆಗೆ ಕಲ್ಲಿನಿಂದ ಉಜ್ಜಿ ನುಣುಪು ತಂದರು. ಈ ಕೌಶಲ ಊರಿನಲ್ಲಿ ಮೊದಲೇ ಇತ್ತು. ಅದಕ್ಕೆ ಸಾರ್ವಜನಿಕ ಕಟ್ಟಡದಲ್ಲಿ ಜಾಗ ಇರಲಿಲ್ಲ, ಅಷ್ಟೇ. ಆಮೇಲೆ ಕಟ್ಟಿದ ಗ್ರಂಥಾಲಯದ ಚಾವಣಿಗೆ ಹೆಂಗಸರು ಮಾಡುವ ಮಣ್ಣಿನ ಮಡಕೆಗಳನ್ನು ತರಿಸಿ, ಅರ್ಧಕ್ಕೆ ಕೊಯ್ದು ಕೂರಿಸಿದರು. ಮಡಕೆಯ ಬಾಯಿ ಬೆಳಕಿಗೂ ಗಾಳಿಗೂ ದಾರಿಯಾಯಿತು.

ಪರಿಣಾಮ ಶಾಲೆಯ ಗೋಡೆಗಳ ಒಳಗೆ ಉಳಿಯಲಿಲ್ಲ. ಕೆಲಸ ಕಲಿತ ಯುವಕರನ್ನು ಪಟ್ಟಣದ ಸರ್ಕಾರಿ ಕಾಮಗಾರಿಗಳಿಗೆ ಕರೆದರು. ಅಕ್ಕಪಕ್ಕದ ಊರುಗಳು ತಾವೂ ಹೀಗೆಯೇ ಶಾಲೆ ಕಟ್ಟಿಕೊಳ್ಳಲು ಮುಂದಾದವು. 120 ಮಕ್ಕಳಿಂದ ಶುರುವಾದ ಗಾಂಡೊ ಶಾಲೆ 700 ಮಕ್ಕಳಿಗೆ ಬೆಳೆಯಿತು. ಶಿಕ್ಷಕರ ಮನೆಗಳು ಬಂದವು, 2008ರಲ್ಲಿ ಶಾಲೆಯ ವಿಸ್ತರಣೆಯೂ ಮುಗಿಯಿತು. ಅದೇ ದೇಶದ ಕೌಡುಗು ಪಟ್ಟಣದಲ್ಲಿ 2016ರಲ್ಲಿ ಕಟ್ಟಿದ ಪ್ರೌಢಶಾಲೆಗೆ ಫ್ರಾನ್ಸಿಸ್ ಅಲ್ಲೇ ನೆಲದಿಂದ ತೆಗೆದ ಲ್ಯಾಟರೈಟ್ ಕಲ್ಲು ಬಳಸಿದರು. ನಮ್ಮ ಕರಾವಳಿಯವರು ಮುರಕಲ್ಲು, ಕೆಂಪುಕಲ್ಲು ಎನ್ನುವುದು ಇದನ್ನೇ.

ಗೋರ್ನಾ ಕಲಿಸಿದ್ದು

ಮಣ್ಣಿನಲ್ಲಿ ಕಟ್ಟಿದ್ದೆಲ್ಲ ಗೆದ್ದಿದೆ ಎಂದಲ್ಲ. ಈಜಿಪ್ಟ್‌ನ ಹಸನ್ ಫಾತಿ ಮಣ್ಣಿನ ವಾಸ್ತುವಿಗೆ ಮತ್ತೆ ಮಾನ ತಂದುಕೊಟ್ಟ ದೊಡ್ಡ ಹೆಸರು. 1940ರ ದಶಕದಲ್ಲಿ ಲಕ್ಸರ್ ಬಳಿ ಹೊಸ ಗೋರ್ನಾ ಎಂಬ ಇಡೀ ಹಳ್ಳಿಯನ್ನು ಹಸಿ ಇಟ್ಟಿಗೆಯ ಗುಮ್ಮಟ, ಕಮಾನುಗಳಲ್ಲಿ ವಿನ್ಯಾಸ ಮಾಡಿದರು. ಮಸೀದಿ, ಮಾರುಕಟ್ಟೆ, ಶಾಲೆ, ರಂಗಮಂದಿರ ಎಲ್ಲವೂ ಇದ್ದ, ಕಣ್ಣಿಗೆ ಹಬ್ಬವಾದ ಊರು. ಆದರೆ ಅಲ್ಲಿಗೆ ಹೋಗಬೇಕಾದವರು ಹೋಗಲಿಲ್ಲ. ಹಳೆಯ ಗೋರ್ನಾದ ಜನ ಪುರಾತನ ಸಮಾಧಿಗಳ ನೆತ್ತಿಯ ಮೇಲೆಯೇ ಬದುಕಿದ್ದವರು. ಅವರ ಜೀವನೋಪಾಯವೂ ಆ ಸಮಾಧಿಗಳ ಸುತ್ತಲೇ ಇತ್ತು. ಅವರನ್ನು ಅಲ್ಲಿಂದ ಎಬ್ಬಿಸಲೆಂದೇ ಸರ್ಕಾರ ಈ ಊರು ಕಟ್ಟಿಸುತ್ತಿತ್ತು. ಗುಮ್ಮಟವೆಂದರೆ ಗೋರಿಯ ಮೇಲೆ ಇರುವಂಥದ್ದು ಎಂಬ ಭಾವನೆಯೂ ಅವರಲ್ಲಿತ್ತು. ಯೋಜನೆ ಅರ್ಧಕ್ಕೇ ನಿಂತಿತು.

ಗೋರ್ನಾದಲ್ಲೂ ಗಾಂಡೊದಲ್ಲೂ ಗೋಡೆ ಮಣ್ಣಿನದೇ. ಗಾಂಡೊದ್ದು ಊರಿಗೆ ಬೇಕಾಗಿ ಎದ್ದದ್ದು, ಗೋರ್ನಾದ್ದು ಊರಿನವರ ಮೇಲೆ ಬಂದದ್ದು. ‘ಪರಿಸರಸ್ನೇಹಿ’ ಎಂಬ ಹಣೆಪಟ್ಟಿಗಿಂತ ಈ ವ್ಯತ್ಯಾಸವೇ ಕಟ್ಟಡದ ಆಯಸ್ಸನ್ನು ತೀರ್ಮಾನಿಸುತ್ತದೆ.

ಊರಿಗೆ ಬೇಕಾಗಿ ಎದ್ದ ಕಟ್ಟಡಕ್ಕೆ ನಮಗೆ ಹತ್ತಿರದ ಬಾಂಗ್ಲಾದೇಶದಲ್ಲಿ ಇನ್ನೊಂದು ಉದಾಹರಣೆ ಇದೆ. ದಿನಾಜ್‌ಪುರ ಜಿಲ್ಲೆಯ ರುದ್ರಪುರ ಎಂಬಲ್ಲಿ ವಾಸ್ತುಶಿಲ್ಪಿಗಳಾದ ಅನ್ನಾ ಹೆರಿಂಗರ್ ಮತ್ತು ಐಕೆ ರೋಸ್ವಾಗ್ ಅವರು ದೀಪಶಿಖಾ ಎಂಬ ಸ್ಥಳೀಯ ಸಂಸ್ಥೆಗಾಗಿ 2005ರಲ್ಲಿ ಎರಡಂತಸ್ತಿನ ಶಾಲೆ ಕಟ್ಟಿದರು. ಕೆಳಗೆ ಹುಲ್ಲು ಬೆರೆಸಿದ ಮಣ್ಣಿನ ದಪ್ಪ ಗೋಡೆ, ಮೇಲೆ ಬಿದಿರು. ಮಣ್ಣು ಹದ ಮಾಡಲು ಊರಿನ ದನಗಳನ್ನೇ ತುಳಿಸಿದರು. ಆ ಭಾಗದಲ್ಲಿ ಮಣ್ಣಿನ ಮನೆಗೆ ಪಾಯ ಹಾಕುವ ರೂಢಿ ಇರಲಿಲ್ಲ, ಆದ್ದರಿಂದ ಗೋಡೆಯ ಬುಡ ಬೇಗ ನೆಂದು ಹಾಳಾಗುತ್ತಿತ್ತು. ಇಟ್ಟಿಗೆಯ ಪಾಯ, ತೇವ ಮೇಲೇರದಂತೆ ತಡೆಯುವ ಒಂದು ಪದರ, ಇಷ್ಟು ಸೇರಿಸಿದ್ದರಿಂದ ಹಳೆಯ ಕಸುಬಿಗೆ ಹೊಸ ಆಯಸ್ಸು ಬಂತು. 2007ರಲ್ಲಿ ಇದಕ್ಕೂ ಆಗಾ ಖಾನ್ ಪ್ರಶಸ್ತಿ ಸಿಕ್ಕಿತು.

ನಮ್ಮ ಮನೆಯಂಗಳದಲ್ಲೇ ಇದ್ದ ವಿದ್ಯೆ

ಇಷ್ಟು ಓದಿದ ಮೇಲೆ ಇದೆಲ್ಲ ಎಲ್ಲೋ ದೂರದ ಸಾಹಸ ಎಂದು ಅನ್ನಿಸಿದರೆ ಅದು ಸರಿಯಲ್ಲ. ಮಣ್ಣಿಗೆ ಚೂರು ಸಿಮೆಂಟ್ ಬೆರೆಸಿ ಒತ್ತಿ ಇಟ್ಟಿಗೆ ಮಾಡುವ ವಿದ್ಯೆಯನ್ನು ವಿಜ್ಞಾನದ ಒರೆಗೆ ಹಚ್ಚಿ ಪಳಗಿಸಿದವರಲ್ಲಿ ಬೆಂಗಳೂರಿನವರು ಮುಂಚೂಣಿಯಲ್ಲಿದ್ದಾರೆ. ವಿಜ್ಞಾನಿ ಅಮೂಲ್ಯ ರೆಡ್ಡಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕೆಂದು ‘ಅಸ್ತ್ರ’ ಕೇಂದ್ರ ಶುರು ಮಾಡಿದರು. ನಮ್ಮ ಹಳ್ಳಿಯ ಅಡುಗೆಮನೆಗಳಿಗೆ ಹೊಗೆಯಿಲ್ಲದ ಅಸ್ತ್ರ ಒಲೆ ಕೊಟ್ಟದ್ದು ಇದೇ ಕೇಂದ್ರ. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮುಂತಾದವರು ಇಲ್ಲಿ ದಶಕಗಳ ಕಾಲ ಸ್ಥಿರೀಕರಿಸಿದ ಮಣ್ಣಿನ ಇಟ್ಟಿಗೆಯ ಮೇಲೆ ಕೆಲಸ ಮಾಡಿದರು. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮ ಅವರ ಹೊರ ಪ್ರಯೋಗಶಾಲೆಯಾಗಿತ್ತು. ಕೈಯಿಂದಲೇ ಒತ್ತುವ ಇಟ್ಟಿಗೆ ಯಂತ್ರಕ್ಕೆ ‘ಮರ್ದಿನಿ’ ಎಂದು ಹೆಸರಿಟ್ಟರು.

ವಿಧಾನ ಸರಳ. ಮೇಲ್ಮಣ್ಣು ತೆಗೆದು, ಕೆಳಗಿನ ಕೆಂಪು ಮಣ್ಣನ್ನು ಜರಡಿ ಹಿಡಿಯಬೇಕು. ಜೇಡಿ ಹೆಚ್ಚಿದ್ದರೆ ಮರಳು ಸೇರಿಸಬೇಕು. ಅದಕ್ಕೆ ಸಾಮಾನ್ಯವಾಗಿ ನೂರಕ್ಕೆ ಏಳೆಂಟು ಪಾಲು ಸಿಮೆಂಟ್, ಉಂಡೆ ಕಟ್ಟುವಷ್ಟು ನೀರು. ಅಚ್ಚಿಗೆ ತುಂಬಿ ಒತ್ತಿ ತೆಗೆದು, ನೆರಳಲ್ಲಿ ಪೇರಿಸಿ, ಮೂರು ನಾಲ್ಕು ವಾರ ನೀರು ಹೊಡೆಯಬೇಕು. ಸುಡುವ ಕೆಲಸವಿಲ್ಲ. ಭಟ್ಟಿಯ ಇಟ್ಟಿಗೆಗೆ ಬೇಕಾದ ಸೌದೆ, ಕಲ್ಲಿದ್ದಲು ಎರಡೂ ಉಳಿಯುತ್ತವೆ. ಅಚ್ಚು ನಯವಾದ್ದರಿಂದ ಹೊರಗೋಡೆಗೆ ಗಿಲಾವು ಮಾಡದೆಯೂ ಬಿಡಬಹುದು. ಮಣ್ಣಿನ ಇಟ್ಟಿಗೆಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 1725 ಎಂಬ ಮಾನದಂಡ 1960ರಿಂದಲೇ ಇದೆ, 2013ರಲ್ಲಿ ಅದನ್ನು ಪರಿಷ್ಕರಿಸಿಯೂ ಆಗಿದೆ. ‘ಮಣ್ಣಿನ ಕಟ್ಟಡಕ್ಕೆ ರೂಲ್ಸ್ ಇಲ್ಲ’ ಎನ್ನುವ ನೆಪ ನಿಲ್ಲುವುದಿಲ್ಲ.

ಹಾಗೆಂದು ಇಡೀ ರಾಜ್ಯಕ್ಕೆ ಒಂದೇ ಮದ್ದು ಹಚ್ಚಲು ಹೋದರೆ ಅದೂ ಗೋರ್ನಾದ ತಪ್ಪೇ ಆದೀತು. ಹಳೆ ಮೈಸೂರು ಸೀಮೆಯ ಕೆಂಪು ಮಣ್ಣು ಸಿಮೆಂಟಿಗೆ ಚೆನ್ನಾಗಿ ಹೊಂದುತ್ತದೆ. ಉತ್ತರದ ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಅದಕ್ಕೆ ಸುಣ್ಣದ ಉಪಚಾರ ಬೇಕು, ಅಥವಾ ಬೇರೆ ದಾರಿಯೇ ಮೇಲು. ಕಲಬುರಗಿ ಕಡೆ ಶಹಾಬಾದ್ ಕಲ್ಲಿದೆ. ಕರಾವಳಿಗೆ ಮುರಕಲ್ಲಿದೆ, 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಹೆಂಚಿದೆ. ಬೆಂಗಳೂರು, ಕೋಲಾರದ ಕಡೆಗೆ ಚಪ್ಪಡಿ, ಸೈಜುಗಲ್ಲು. ವಾಸ್ತುಶಿಲ್ಪಿ ಬಿ.ವಿ. ದೋಶಿ ಬನ್ನೇರುಘಟ್ಟ ರಸ್ತೆಯ ಐಐಎಂ ಕಟ್ಟಡಕ್ಕೆ ಆರಿಸಿದ್ದು ಇಲ್ಲಿನ ಒರಟು ಬೂದುಗಲ್ಲನ್ನೇ. ಅಲ್ಲಿನ ಉದ್ದುದ್ದ ಓಣಿಗಳಲ್ಲಿ ಗಾಳಿಗೂ ಬಿಸಿಲಿಗೂ ಬಳ್ಳಿಗಳಿಗೂ ಪ್ರವೇಶವಿದೆ. ಬೆಂಗಳೂರಿನ ಹವೆ ಕೊಟ್ಟ ಸವಲತ್ತನ್ನು ಗಾಜು ಹಾಕಿ ಮುಚ್ಚದ ದೊಡ್ಡ ಸಾರ್ವಜನಿಕ ಕಟ್ಟಡ ಅದು.

ಪಕ್ಕದ ಕೇರಳದ ಅನುಭವ ಇನ್ನೂ ಹತ್ತಿರದ್ದು. 1945ರಲ್ಲಿ ಭಾರತಕ್ಕೆ ಬಂದ ಇಂಗ್ಲೆಂಡಿನ ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ತಿರುವನಂತಪುರದಲ್ಲಿ ಅಭಿವೃದ್ಧಿ ಅಧ್ಯಯನ ಕೇಂದ್ರದ ಇಡೀ ಆವರಣವನ್ನು ಇಟ್ಟಿಗೆಯ ಜಾಲಂಧ್ರ ಗೋಡೆಗಳಲ್ಲಿ ಕಟ್ಟಿದರು. ಇಟ್ಟಿಗೆಯನ್ನು ಮಲಗಿಸದೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟುವ ಅವರ ಪದ್ಧತಿಯಲ್ಲಿ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ, ಆ ಪೊಳ್ಳು ಬಿಸಿಯನ್ನೂ ತಡೆಯುತ್ತದೆ. ಇಂಥ ಅಗ್ಗದ ವಿಧಾನಗಳನ್ನು ಹರಡಲು, ಗಾರೆ ಕೆಲಸದವರಿಗೆ ತರಬೇತಿ ಕೊಡಲು 1980ರ ದಶಕದ ನಡುವೆ ಕೊಲ್ಲಂನಲ್ಲಿ ಮೊದಲ ನಿರ್ಮಿತಿ ಕೇಂದ್ರ ಶುರುವಾಯಿತು. ಅದೇ ಮಾದರಿ ಕೇಂದ್ರ ಸರ್ಕಾರದ ವಸತಿ ಹಣಕಾಸು ಸಂಸ್ಥೆ ಹುಡ್ಕೊ ಮೂಲಕ ಬೇರೆ ರಾಜ್ಯಗಳಿಗೂ ಬಂತು. ನಮ್ಮ ಜಿಲ್ಲೆಗಳ ನಿರ್ಮಿತಿ ಕೇಂದ್ರಗಳ ಮೂಲ ಇದು. ಇವತ್ತು ಆ ಹೆಸರು ಕೇಳಿದರೆ ಜನರಿಗೆ ನೆನಪಾಗುವುದು ಸರ್ಕಾರಿ ಕಾಮಗಾರಿ ವಹಿಸಿಕೊಳ್ಳುವ ಒಂದು ಸಂಸ್ಥೆ ಮಾತ್ರ.

ಸೋರುವ ಚಾವಣಿಯ ಲೆಕ್ಕ

ವಿದ್ಯೆ ಇದೆ, ಮಾನದಂಡ ಇದೆ, ಸಂಸ್ಥೆಯೂ ಇದೆ. ಆದರೂ ನಮ್ಮ ಅಂಗನವಾಡಿ, ಶಾಲಾ ಕೊಠಡಿ, ಪಂಚಾಯಿತಿ ಕಟ್ಟಡಗಳು ಬೀದರ್‌ನಿಂದ ಚಾಮರಾಜನಗರದವರೆಗೆ ಒಂದೇ ಅಚ್ಚಿನ ಆರ್‌ಸಿಸಿ ಡಬ್ಬಿಗಳು. ಕಾರಣಗಳು ಗುಟ್ಟೇನಲ್ಲ. ಒಂದೇ ನಕ್ಷೆ, ಒಂದೇ ಎಸ್ಟಿಮೇಟ್ ಇದ್ದರೆ ಕಡತ ಬೇಗ ಸಾಗುತ್ತದೆ. ಗುತ್ತಿಗೆದಾರನಿಗೆ ಗೊತ್ತಿರುವುದು ಸಿಮೆಂಟು, ಜಲ್ಲಿ, ಕಂಬಿ. ಮಣ್ಣು ಪರೀಕ್ಷಿಸಿ, ಇಟ್ಟಿಗೆ ಒತ್ತಿಸಿ, ವಾರಗಟ್ಟಲೆ ನೀರು ಹೊಡೆಸುವ ವ್ಯವಧಾನ ಮಾರ್ಚ್ ಕೊನೆಯೊಳಗೆ ಬಿಲ್ ಆಗಬೇಕಾದ ಕೆಲಸಕ್ಕೆ ಇರುವುದಿಲ್ಲ. ಎಲ್ಲಕ್ಕಿಂತ ಗಟ್ಟಿಯಾದ ಕಾರಣ ಗಾಂಡೊದವರ ಬೇಸರದ ಹಿಂದೆಯೂ ಇದ್ದದ್ದೇ: ಮಣ್ಣೆಂದರೆ ಬಡವರ ಸಾಮಾನು. ತಾರಸಿ ಬಂದರೆ ಊರಿಗೆ ಮರ್ಯಾದೆ.

ಈ ಮರ್ಯಾದೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಗುಡಿಸಲಲ್ಲಿ ಹುಟ್ಟಿದವರು ತಾರಸಿ ಕೇಳುವುದು ನ್ಯಾಯವೇ. ನಗರದ ಶ್ರೀಮಂತರು ತೋಟದ ಮನೆಗೆ ಮಣ್ಣಿನ ಗೋಡೆ ಎಬ್ಬಿಸಿ ಹೆಮ್ಮೆಪಡುತ್ತ, ಹಳ್ಳಿಯವರಿಗೆ ಮಣ್ಣಿನ ಮಹಿಮೆ ಬೋಧಿಸಿದರೆ ಅದನ್ನು ಯಾರು ಕೇಳುತ್ತಾರೆ? ಮೊದಲು ತಾಲ್ಲೂಕು ಕಚೇರಿಯನ್ನೋ ಎಂಜಿನಿಯರ್ ಕಚೇರಿಯನ್ನೋ ಆ ಇಟ್ಟಿಗೆಯಲ್ಲಿ ಕಟ್ಟಿ ತೋರಿಸಬೇಕು. ಕಮಾನಿನ ಮೇಲೆ ಕುಣಿಯಬೇಕಾದವರು ಇಲ್ಲಿ ಇಲಾಖೆಯವರೇ.

ಆರ್‌ಸಿಸಿಯ ಲೆಕ್ಕವನ್ನೂ ಪೂರ್ತಿ ಹೇಳಬೇಕು. ತಾರಸಿಯಲ್ಲಿ ಬಿರುಕು ಬಿಟ್ಟು ನೀರು ಇಳಿದರೆ ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟಿನ ಸಿಪ್ಪೆ ಕಳಚಿ ಬೀಳುತ್ತದೆ. ಹಳೆಯ ಹೆಂಚಿನ ಶಾಲೆಯೂ ಸೋರುತ್ತಿತ್ತು, ನಿಜ. ಆದರೆ ಏಣಿ ಹಾಕಿ ಒಡೆದ ಹೆಂಚು ಬದಲಿಸಬಲ್ಲವರು ಊರಲ್ಲೇ ಇದ್ದರು. ತುಕ್ಕು ಹಿಡಿದ ತಾರಸಿಗೆ ಎಸ್ಟಿಮೇಟ್ ಆಗಬೇಕು, ಅನುದಾನ ಬರಬೇಕು, ಟೆಂಡರ್ ಕರೆಯಬೇಕು. ಅಷ್ಟರಲ್ಲಿ ಆ ಕೊಠಡಿಗೆ ಬೀಗ ಬಿದ್ದು, ಮಕ್ಕಳು ಜಗಲಿಗೆ ಬಂದಿರುತ್ತಾರೆ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟ್ ಉತ್ಪಾದನೆಯ ಪಾಲು ನೂರಕ್ಕೆ ಏಳೆಂಟು ಎಂಬ ಲೆಕ್ಕ ಇದರ ಜೊತೆಗಿದೆ.

ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದೂ ಮುಖ್ಯ. ಆರ್‌ಸಿಸಿ ಕಟ್ಟಡದ ದೊಡ್ಡ ಪಾಲು ಸಿಮೆಂಟು, ಉಕ್ಕಿನ ಬೆಲೆಯಾಗಿ ಊರಾಚೆ ಹೋಗುತ್ತದೆ. ಮಣ್ಣಿನ ಇಟ್ಟಿಗೆಯ ಕಟ್ಟಡದಲ್ಲಿ ಸಾಮಗ್ರಿಗೆ ಕಡಿಮೆ, ಕೂಲಿಗೆ ಹೆಚ್ಚು. 2005ರ ಉದ್ಯೋಗ ಖಾತ್ರಿ ಕಾಯ್ದೆ ಕೂಲಿಗೆ 60, ಸಾಮಗ್ರಿಗೆ 40 ಎಂಬ ಅನುಪಾತ ಹಾಕಿಕೊಟ್ಟಿತ್ತು. ಕಾಂಕ್ರೀಟಿನ ಕಟ್ಟಡ ಆ ಲೆಕ್ಕಕ್ಕೆ ಒಗ್ಗದು, ಊರವರೇ ಒತ್ತಿದ ಇಟ್ಟಿಗೆ ಒಗ್ಗುತ್ತದೆ. ದುಡಿದವರ ಕೈಗೆ ಕೂಲಿಯ ಜೊತೆ ಕಸುಬೂ ಸಿಗುತ್ತದೆ.

ಸಿಮೆಂಟನ್ನು ಬಿಟ್ಟೇಬಿಡಬೇಕು ಎಂದು ಯಾರೂ ಹೇಳುತ್ತಿಲ್ಲ. ಗಾಂಡೊ ಶಾಲೆಯಲ್ಲಿ ಸಿಮೆಂಟಿದೆ, ಕಬ್ಬಿಣವಿದೆ, ತಗಡಿದೆ. ಎಲ್ಲಿ ಬೇಕೋ ಅಲ್ಲಿ, ಎಷ್ಟು ಬೇಕೋ ಅಷ್ಟು ಇದೆ. ಸಾರ್ವಜನಿಕ ಹಣದಲ್ಲಿ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಸೂತ್ರ ಬೇಕಿಲ್ಲ.

ನಿಮ್ಮ ಊರಿಗೆ ಅಂಗನವಾಡಿಯೋ ಶಾಲಾ ಕೊಠಡಿಯೋ ಮಂಜೂರಾದಾಗ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಗೋಡೆಗೆ ಸಾಮಾನು ಎಷ್ಟು ದೂರದಿಂದ ಬರುತ್ತದೆ? ಏಪ್ರಿಲ್ ತಿಂಗಳ ಮಧ್ಯಾಹ್ನ ಒಳಗೆ ಮಕ್ಕಳು ಕೂರಬಹುದೇ? ಹತ್ತು ವರ್ಷದ ಮೇಲೆ ಸೋರಿದರೆ ರಿಪೇರಿ ಮಾಡಬಲ್ಲವರು ಊರಲ್ಲಿ ಇರುತ್ತಾರೆಯೇ? ಮೂರಕ್ಕೂ ಉತ್ತರ ಸಿಗದಿದ್ದರೆ ನಕ್ಷೆಯನ್ನು ವಾಪಸ್ ಕಳಿಸಿ, ಬೇರೆಯದನ್ನು ಕೇಳಿ. ಕೇಳುವ ಹಕ್ಕು ಗ್ರಾಮಸಭೆಗೆ ಇದೆ.